ಇಲಿಗಳಿಗೆ ಕೊಡುವ ಔಷಧ

ಮರ್ಸುದಿಯ ಮನೆಯ ಗಾಜಿನ ಹೂಜಿ ಅವತ್ತು ಬೆಳಿಗ್ಗೆ ಒಡೆಯದೇ ಇದ್ದಿದ್ದರೆ ಇಷ್ಟೆಲ್ಲ ರಾಮಾಯಣ ಆಗುತ್ತಲೇ ಇರಲಿಲ್ಲ.

ಜಾವಾದ ಸೊಲೊ ಊರಿನ ಆ ಓಣಿಯಲ್ಲಿ ಮರ್ಸುದಿಯನ್ನು ಅರಿಯದವರಿಲ್ಲ. ಔಷಧಶಾಸ್ತ್ರದ ಕಾಲೇಜೊಂದರಲ್ಲಿ ಅವನು ಸಂಶೋಧನಾ ಸಹಾಯಕ. ಸೀಬೆ ಎಲೆಯ ಸಾರ ತೆಗೆದು, ಭೇದಿಗೆ ಅದು ಎಷ್ಟರ ಮಟ್ಟಿಗೆ ಮದ್ದು ಎಂದು ಬಿಳಿ ಇಲಿಗಳ ಮೇಲೆ ಪರೀಕ್ಷೆ ಮಾಡುವುದು ಅವನ ಕೆಲಸ. ಇಲಿಗಳಿಗೆ ಮೊದಲು ಹರಳೆಣ್ಣೆ ಕುಡಿಸಬೇಕು. ಆಮೇಲೆ ಕೆಲವಕ್ಕೆ ಸಾರ, ಕೆಲವಕ್ಕೆ ಬರೀ ನೀರು. ಅದಾದ ಮೇಲೆ ಪಂಜರದ ಕೆಳಗೆ ಹಾಸಿದ ಕಾಗದದ ಮೇಲೆ ಬೀಳುವ ಕಲೆಗಳನ್ನು ಎಣಿಸುತ್ತಾ ಕೂರಬೇಕು. ಹೆಣ್ಣು ನೋಡಲು ಹೋದಾಗ ಭಾವಿ ಮಾವ ‘ಏನು ಕೆಲಸ?’ ಎಂದು ಕೇಳಿದ್ದಕ್ಕೆ ಅವನು ಇಷ್ಟನ್ನೂ ಪ್ರಾಮಾಣಿಕವಾಗಿ ವಿವರಿಸಿದ್ದ. ಮದುವೆ ಆಯಿತು ನಿಜ, ಆದರೆ ಮಾವ ಇವತ್ತಿಗೂ ನೆಂಟರ ಹತ್ತಿರ ಅಳಿಯ ಲೆಕ್ಕಪತ್ರದ ಇಲಾಖೆಯಲ್ಲಿದ್ದಾನೆ ಎಂದೇ ಹೇಳುತ್ತಾರೆ.

ಸಾರಕ್ಕೆ ಬೇಕಾದ ಎಲೆ ಓಣಿಯವರ ಮರದ್ದೇ. ಕೇಳಿದಾಗ ಎಲ್ಲರೂ ಧಾರಾಳವಾಗಿ ಕೊಟ್ಟಿದ್ದರು. ಎದುರು ಮನೆಯ ವಾರ್ಸಿನಿಯ ಅಂಗಳದ ಸೀಬೆ ಮರವಂತೂ ಪುಕ್ಕ ಕಿತ್ತ ಕೋಳಿಯ ಹಾಗೆ ನಿಂತಿತ್ತು.

ಅವನನ್ನು ‘ಮಾಸ್’, ಅಂದರೆ ಅಣ್ಣ, ಎಂದು ಕರೆಯುವ ಆ ವಾರ್ಸಿನಿಯೇ ಅವತ್ತು ಬೆಳಿಗ್ಗೆ ಬಾಗಿಲಿಗೆ ಬಂದಳು. ತಲೆ ಬಾಚಿರಲಿಲ್ಲ. ಕಣ್ಣು ಕೆಂಪಗಿತ್ತು.

"ಮಾಸ್, ನಮ್ಮ ಗಿಲಾಂಗ್‌ಗೆ ನಿನ್ನೆಯಿಂದ ಭೇದಿ ನಿಲ್ತಾನೇ ಇಲ್ಲ. ನಿಮ್ಮ ಇಲಿಗಳಿಗೆ ಕೊಡ್ತೀರಲ್ಲ, ಆ ಔಷಧ ಸ್ವಲ್ಪ ಕೊಡಿ."

ಮರ್ಸುದಿ ಕಾಲಿಗೆ ಹಾಕುತ್ತಿದ್ದ ಬೂಟನ್ನು ಕೈಯಲ್ಲೇ ಹಿಡಿದು ನಿಂತ. "ಅದನ್ನ ಮನುಷ್ಯರಿಗೆ ಇನ್ನೂ ಕೊಟ್ಟು ನೋಡಿಲ್ಲ, ವಾರ್ಸಿನಿ. ಅದೂ ಅಷ್ಟು ಸಣ್ಣ ಮಗು. ಅದು ಆಗೋ ಮಾತಲ್ಲ."

"ಇಲಿಗೆ ಆಗುತ್ತೆ?"

"ಇಲಿಗೆ ಆಗುತ್ತೋ ಇಲ್ವೋ ಅಂತಾನೇ ನೋಡ್ತಿರೋದು. ಆರೋಗ್ಯ ಕೇಂದ್ರಕ್ಕೆ ತೋರಿಸಿದ್ಯಾ?"

"ನಿನ್ನೆ ಹೋಗಿದ್ದೆ. ಅಷ್ಟು ದೂರ ಎತ್ಕೊಂಡು ಹೋದ್ರೆ ಔಷಧ ಅಂತ ಏನೂ ಕೊಡ್ಲಿಲ್ಲ. ಒಂದಿಷ್ಟು ಮಾತ್ರೆ, ಮತ್ತೆ ಇದು." ಅವಳು ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಉಪ್ಪು-ಸಕ್ಕರೆ ಪುಡಿಯ ಪೊಟ್ಟಣಗಳು ಮುದುಡಿಕೊಂಡಿದ್ದವು. "ಉಪ್ಪುನೀರು. ಇದು ಔಷಧಾನಾ? ಒಂದು ಗುಟುಕು ಕುಡಿದು ಉಗುಳಿಬಿಟ್ಟ. ನಾನೂ ಬಿಟ್ಟೆ."

ಮರ್ಸುದಿ ಆ ಪೊಟ್ಟಣಗಳನ್ನು ಅವಳ ಕೈಯಿಂದ ತೆಗೆದುಕೊಂಡ. "ನೀನು ಹೋಗಿ ಮಗುವಿನ ಹತ್ತಿರ ಇರು. ನಾನು ಬಂದೆ."

ನೀರು ಕಾಯಿಸಿದ. ಬಿಸಿನೀರನ್ನು ಹೂಜಿಗೆ ಸುರಿದದ್ದೇ ತಡ, ಅದು ಟಪ್ಪೆಂದು ಎರಡು ಹೋಳಾಯಿತು. ಮತ್ತೆ ಕಾಯಿಸಿ, ಆರಿಸಿ, ಪುಡಿ ಬೆರೆಸಿದ ಮೇಲೆ ನೋಡಿದರೆ ಮನೆಯಲ್ಲಿ ಮುಚ್ಚಳವಿರುವ ಶುಚಿಯಾದ ಪಾತ್ರೆ ಎಂಬುದು ಒಂದೇ ಒಂದು. ಕಾಲೇಜಿನಿಂದ ಸೋಪು ತುಂಬಿಸಿಡಲೆಂದು ತಂದು ಮರೆತಿದ್ದ, ಇನ್ನೂ ಬಳಸದ ಕಂದು ಗಾಜಿನ ಬಾಟಲಿ. ಅದನ್ನೇ ಬಿಸಿನೀರಿನಲ್ಲಿ ತೊಳೆದು, ತುಂಬಿಸಿ, ಉಳಿದ ಪೊಟ್ಟಣಗಳನ್ನೂ ತೆಗೆದುಕೊಂಡು ಓಣಿ ದಾಟಿದ.

ಅವನು ಕಂದು ಬಾಟಲಿ ಹಿಡಿದು ಓಣಿ ದಾಟಿದ್ದನ್ನು ಯಾರ್‍ಯಾರು ನೋಡಿದರು ಎಂದು ಕೇಳುವುದಕ್ಕಿಂತ ಯಾರು ನೋಡಲಿಲ್ಲ ಎಂದು ಕೇಳುವುದು ಸುಲಭ. ಸೋಯಾ ಕಾಳಿನ ಟೆಂಪೆ ಬಿಲ್ಲೆ ಕರಿಯುತ್ತಿದ್ದವರು ಸಟ್ಟುಗ ಹಿಡಿದೇ ಹೊರಗೆ ಬಂದರು. ಹಕ್ಕಿಯ ಪಂಜರಕ್ಕೆ ನೀರಿಡುತ್ತಿದ್ದ ಪಾಕ್ ಹಾರ್ಜೊನೊ ಪಂಜರ ಅಲ್ಲೇ ಬಿಟ್ಟು ಹಿಂದೆಯೇ ಬಂದರು. ಗೌರವದಿಂದ ‘ಪಾಕ್’ ಎಂದು ಕರೆಸಿಕೊಳ್ಳುವ ಅವರು ರೈಲ್ವೆಯಿಂದ ನಿವೃತ್ತರಾದವರು, ಈಗ ಓಣಿಯ ಮುಖಂಡರು. ಅವರಿಲ್ಲದೆ ಓಣಿಯಲ್ಲಿ ಒಬ್ಬರು ಸೀನಿದರೂ ಅದಕ್ಕೆ ಮಾನ್ಯತೆ ಇಲ್ಲ ಎಂದು ಅವರ ನಂಬಿಕೆ.

ಗಿಲಾಂಗ್ ಚಾಪೆಯ ಮೇಲೆ ಮಲಗಿದ್ದ. ತುಟಿ ಒಣಗಿತ್ತು. ಅಳುತ್ತಿದ್ದ, ಆದರೆ ಕಣ್ಣೀರು ಬರುತ್ತಿರಲಿಲ್ಲ. ಇಂಥ ಅಳುವನ್ನು ಮರ್ಸುದಿ ಮೊದಲೇ ನೋಡಿದ್ದ. ಅವನು ಹಳ್ಳಿಯಲ್ಲಿ ಬೆಳೆದವನು. ಅವನ ತಂಗಿಯೊಬ್ಬಳು ನಡೆಯಲು ಕಲಿಯುವ ವಯಸ್ಸಿನಲ್ಲಿ ಹೀಗೇ ಮಲಗಿದ್ದಳು. ಕುಡಿದ ನೀರೆಲ್ಲ ಹೊರಗೆ ಹೋಗುತ್ತದಲ್ಲ ಎಂದು ಹಿರಿಯರು ನೀರು ಕೊಡುವುದನ್ನೇ ನಿಲ್ಲಿಸಿ, ಊರಲ್ಲಿದ್ದ ಎಲೆ-ಬೇರುಗಳನ್ನೆಲ್ಲ ಅರೆದು ಹಾಕಿದ್ದರು. ಭೇದಿ ನಿಂತಿತು. ತಂಗಿಯ ಉಸಿರೂ ನಿಂತಿತು. ಅವನು ಈ ಕೆಲಸಕ್ಕೆ ಸೇರಿದ್ದು ಅದಕ್ಕೇ ಎಂದು ಯಾರಿಗೂ ಹೇಳಿರಲಿಲ್ಲ.

ಚಮಚದ ತುದಿಯಲ್ಲಿ ಸ್ವಲ್ಪ ಸ್ವಲ್ಪವೇ ತುಟಿಗೆ ಮುಟ್ಟಿಸಿದ. ಮಗು ವಾಂತಿ ಮಾಡಿದರೆ ಕಾದು, ಮತ್ತೆ ಕೊಟ್ಟ. ಹಿಂದೆ ನಿಂತಿದ್ದವರು ಕತ್ತು ಚಾಚಿ ನೋಡುತ್ತಿದ್ದರು.

"ಏನು ಮಗಾ ಅದು?" ಎಂದು ವಾರ್ಸಿನಿಯ ಅತ್ತೆ ಸೊಮೊ ಅಜ್ಜಿ ಕೇಳಿದಳು.

"ಆರೋಗ್ಯ ಕೇಂದ್ರದವರು ಕೊಟ್ಟ ಉಪ್ಪುನೀರೇ ಅಜ್ಜಿ. ಬೇರೆ ಏನೂ ಅಲ್ಲ" ಎಂದ ಮರ್ಸುದಿ. ಅದೇ ಹೊತ್ತಿಗೆ ಒಲೆಯ ಹೊಗೆ ಬಂದು ಅವನ ಎಡಗಣ್ಣಿಗೆ ಹೊಕ್ಕಿತು. ಅವನು ಆ ಕಣ್ಣು ಮಿಟುಕಿಸಿದ.

ಅಜ್ಜಿ ಒಂದು ಗಳಿಗೆ ಅವನನ್ನೇ ನೋಡಿದಳು. ಆಮೇಲೆ ನಿಧಾನವಾಗಿ ತಲೆ ಆಡಿಸಿದಳು. "ಹೌದು ಹೌದು. ಉಪ್ಪುನೀರು" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ, ಹಿಂದೆ ತಿರುಗಿ ಪಾಕ್ ಹಾರ್ಜೊನೊರಿಗೆ ತಾನೂ ಒಂದು ಕಣ್ಣು ಹೊಡೆದಳು.

ಬಿಸಿಲೇರುವಷ್ಟರಲ್ಲಿ ಗಿಲಾಂಗ್‌ನ ಕಣ್ಣಲ್ಲಿ ನೀರು ಕಂಡಿತು. ಎದ್ದು ಕೂತು ಬಾಳೆಹಣ್ಣು ಕೇಳಿದ. "ಭೇದಿ ಇನ್ನೂ ಆಗುತ್ತೆ, ಹೆದರಬೇಡ" ಎಂದು ಮರ್ಸುದಿ ವಾರ್ಸಿನಿಗೆ ಹೇಳಿದ. "ಇದು ಭೇದಿ ನಿಲ್ಲಿಸೋಕಲ್ಲ, ಮಗುವನ್ನ ಉಳಿಸೋಕೆ. ಹೋದಷ್ಟು ನೀರು ಒಳಗೆ ಬರಬೇಕು. ಮುಗಿದ ಮೇಲೆ ಈ ಪೊಟ್ಟಣ ಬೆರೆಸಿ ಕೊಡ್ತಾನೇ ಇರು. ಮಾತ್ರೆನೂ ಬಿಡಬೇಡ." ಅವಳು ಬಾಟಲಿಯನ್ನು ಎರಡೂ ಕೈಯಲ್ಲಿ ಎದೆಗೊತ್ತಿಕೊಂಡಳು. ಮರ್ಸುದಿ ಹಗುರವಾದ ಮನಸ್ಸಿನಿಂದ ಮೋಟರ್ ಬೈಕ್ ಹತ್ತಿದ.

ಅವನು ಕಾಲೇಜು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ವಾರ್ಸಿನಿಯ ನಾದಿನಿ ತುಮಿ ಕಾಲೇಜಿನ ಕ್ಯಾಂಟೀನಿನಲ್ಲಿ ಸಾರು ಬಡಿಸುವವಳು. ತನ್ನ ಅಣ್ಣನ ಮಗನನ್ನು ಸಾವಿನ ಬಾಯಿಂದ ಎಳೆದು ತಂದ ಸೀಬೆ ಎಲೆಯ ಸಾರದ ಕತೆಯನ್ನು ಅವಳು ಪ್ರತಿ ಬಟ್ಟಲಿನ ಜೊತೆಗೂ ಬಡಿಸಿದ್ದಳು.

ಮರ್ಸುದಿ ಇಲಿಗಳ ಪಂಜರದ ಮುಂದೆ ಕೂರುವಷ್ಟರಲ್ಲಿ ಪ್ರೊಫೆಸರ್ ಸುದಿಬ್ಯೊ ಕರೆಸಿದರು. ಅವರದ್ದು ಒಂದು ರೀತಿ: ಕೋಪ ಹೆಚ್ಚಿದಷ್ಟೂ ದನಿ ತಗ್ಗುತ್ತದೆ. ಅವತ್ತು ಅವರು ಮಾತಾಡುತ್ತಿದ್ದುದು ಕೇಳಿಸಿಕೊಳ್ಳಲು ಮರ್ಸುದಿ ಮೇಜಿನ ಮೇಲೆ ಬಾಗಬೇಕಾಯಿತು.

"ಈ ಸಾರವನ್ನ ಮನುಷ್ಯರಿಗೆ ಕೊಟ್ಟು ನೋಡೋಕೆ ಅನುಮತಿ ಕೇಳಿ ನಾಳೆ ನಾನು ಜಕಾರ್ತಕ್ಕೆ ಹೋಗಬೇಕು. ಗೊತ್ತಿದೆಯಲ್ಲ?"

"ಗೊತ್ತಿದೆ, ಪ್ರೊಫ್."

"ಅಷ್ಟರಲ್ಲಿ ನೀವು ಎದುರು ಮನೆ ಮಗುವಿಗೆ ಕೊಟ್ಟು ನೋಡಿದ್ರಂತೆ."

"ನಾನು ಕೊಟ್ಟಿದ್ದು ಉಪ್ಪು-ಸಕ್ಕರೆ ನೀರು, ಪ್ರೊಫ್."

"ಪ್ರಯೋಗಾಲಯದ ಬಾಟಲಿಯಲ್ಲಿ?"

"ಮನೆ ಹೂಜಿ ಒಡೆದುಹೋಯ್ತು."

ಎಷ್ಟು ನಿಜವಾದ ಮಾತೂ ಕೆಲವು ಹೊತ್ತಿನಲ್ಲಿ ಎಂಥ ಸುಳ್ಳಿನ ಹಾಗೆ ಕೇಳಿಸುತ್ತದೆ ಎಂದು ಮರ್ಸುದಿಗೆ ಅವತ್ತೇ ಗೊತ್ತಾಗಿದ್ದು. ಪ್ರೊಫೆಸರ್ ಕನ್ನಡಕ ತೆಗೆದು ಒರೆಸಿದರು. ಇನ್ನಿಬ್ಬರು ಹಿರಿಯ ಅಧ್ಯಾಪಕರನ್ನು ಕರೆಸಿದರು. ಅವರ ಮುಂದೆ ಮರ್ಸುದಿಯನ್ನು ನಿಲ್ಲಿಸಿ, ಇನ್ನೂ ತಗ್ಗಿದ ದನಿಯಲ್ಲಿ, ಇಷ್ಟು ವರ್ಷದ ನಂಬಿಕೆ, ವಿಶ್ವಾಸ ಇತ್ಯಾದಿಗಳ ಬಗ್ಗೆ ಮಾತಾಡಿದರು. ಮರ್ಸುದಿಗೆ ಅದರಲ್ಲಿ ಅರ್ಧ ಕೇಳಿಸಲಿಲ್ಲ. ಕೇಳಿಸಿದ ಅರ್ಧ ಸಾಕಾಗಿತ್ತು.

ಆಗ ತುಮಿ ಒಂದು ಉಪಕಾರ ಮಾಡಿದಳು. ಮರ್ಸುದಿಗೆ ಸಾಹೇಬರು ಬೈಯುತ್ತಿದ್ದಾರೆ ಎಂದು ಓಣಿಗೆ ಫೋನು ಹಚ್ಚಿದಳು.

ಓಣಿ ಸುಮ್ಮನಿರುವುದುಂಟೇ. ಬಾಡಿಗೆ ವ್ಯಾನಿನಲ್ಲಿ ಪಾಕ್ ಹಾರ್ಜೊನೊ ಮದುವೆಗೆ ಹಾಕುವ ಬಾಟಿಕ್ ಅಂಗಿ ತೊಟ್ಟು ಬಂದರು. ಸೊಮೊ ಅಜ್ಜಿ ಬಂದಳು. ವಾರ್ಸಿನಿ ಒಂದು ಕಂಕುಳಲ್ಲಿ ಮಗು, ಇನ್ನೊಂದರಲ್ಲಿ ಬಾಟಲಿ ಇಟ್ಟುಕೊಂಡು ಬಂದಳು. ಮರ್ಸುದಿ ಅವರನ್ನು ಬಾಗಿಲಲ್ಲಿ ನೋಡಿ ಎದೆಯ ಭಾರ ಇಳಿದಂತಾಗಿ, "ಇವರನ್ನೇ ಕೇಳಿ, ಪ್ರೊಫ್. ನಾನು ಏನು ಕೊಟ್ಟೆ ಅಂತ ಇವರೇ ಹೇಳ್ತಾರೆ" ಎಂದ.

ಪಾಕ್ ಹಾರ್ಜೊನೊ ಗಂಟಲು ಸರಿಮಾಡಿಕೊಂಡರು. "ಮಾನ್ಯರೇ, ನಮ್ಮ ಓಣಿಯ ಪರವಾಗಿ ಹೇಳ್ತೀನಿ. ಈ ಮಗು ಇವತ್ತು ಬದುಕಿದ್ರೆ ಅದು ನಿಮ್ಮ ಕಾಲೇಜಿನ ಸೀಬೆ ಎಲೆ ಔಷಧದಿಂದ. ಅದನ್ನ ಕೊಟ್ಟ ಕೈ ಇವರದ್ದು. ಇವರಿಗೆ ಬಹುಮಾನ ಕೊಡೋದು ಬಿಟ್ಟು ಬೈಯೋದಾ?"

ಮರ್ಸುದಿಯ ಮುಖ ಬೆಂದ ಅನ್ನದ ಬಣ್ಣಕ್ಕೆ ತಿರುಗಿತು. "ಪಾಕ್, ಅದು ಉಪ್ಪುನೀರು ಅಂತ ನಾನು ನಿಮ್ಮೆದುರೇ ಹೇಳಲಿಲ್ವಾ?"

"ಹೇಳಿದ್ರಿ" ಎಂದರು ಪಾಕ್ ಹಾರ್ಜೊನೊ ಗಂಭೀರವಾಗಿ.

"ಹೇಳಿದ್ದು ನಿಜ" ಎಂದಳು ಸೊಮೊ ಅಜ್ಜಿ. "ಹೇಳ್ತಾ ಕಣ್ಣು ಹೊಡೆದಿದ್ದೂ ನಿಜ. ನಮಗೇನು ಅಷ್ಟೂ ತಿಳಿಯಲ್ವಾ? ನಮಗೆ ತೊಂದರೆ ಆಗಬಾರದು ಅಂತ ಸುಳ್ಳು ಹೇಳ್ತಾ ಇದಾನೆ, ಒಳ್ಳೇ ಮನುಷ್ಯ."

ಅಧ್ಯಾಪಕರು ಒಬ್ಬರನ್ನೊಬ್ಬರು ನೋಡಿಕೊಂಡರು. ಹೀಗೆ ಪ್ರೀತಿಯಿಂದ ಸಾಕ್ಷಿ ಹೇಳಿ ಗೋರಿ ತೋಡುವವರನ್ನು ಅವರು ನೋಡಿರಲಿಲ್ಲ. ವಾರ್ಸಿನಿ ಮಗುವಿನ ತಲೆ ಸವರುತ್ತಾ, "ನಿನ್ನೆ ಉಪ್ಪುನೀರು ಕೊಟ್ಟಾಗ ಉಗುಳಿದ್ದ. ಇವತ್ತು ಇವರು ಕೊಟ್ಟಿದ್ದು ಕುಡಿದ. ಎರಡೂ ಒಂದೇ ಆಗೋಕೆ ಹೇಗೆ ಸಾಧ್ಯ, ಸಾರ್?" ಎಂದಳು. ಆ ಮಾತಿಗೆ ಪ್ರೊಫೆಸರ್ ತಲೆದೂಗಿದರು.

ಮರ್ಸುದಿಗೆ ಅವಳ ಕಂಕುಳಲ್ಲಿದ್ದ ಬಾಟಲಿ ಕಂಡಿತು. ತಳದಲ್ಲಿ ಇನ್ನೂ ಸ್ವಲ್ಪ ಇತ್ತು.

"ಪ್ರೊಫ್, ಪರೀಕ್ಷೆ ಮಾಡೋಣ. ಕಬ್ಬಿಣದ ಲವಣದ ದ್ರಾವಣ ಒಂದು ತೊಟ್ಟು ಸಾಕು. ಸೀಬೆ ಎಲೆ ಸಾರ ಆಗಿದ್ರೆ ಅದರ ಒಗರು ಶಾಯಿ ಹಾಗೆ ಕಪ್ಪಾಗಬೇಕು."

ಎಲ್ಲರೂ ಮೇಜಿನ ಸುತ್ತ ಸೇರಿದರು. ಒಂದು ನಳಿಕೆಯಲ್ಲಿ ಇಲಿಗಳ ಸಾರ, ಇನ್ನೊಂದರಲ್ಲಿ ಬಾಟಲಿಯ ನೀರು. ಪ್ರೊಫೆಸರ್ ಸ್ವತಃ ತೊಟ್ಟು ಹಾಕಿದರು. ಇಲಿಗಳ ಸಾರ ಕ್ಷಣದಲ್ಲಿ ಕಾಡಿಗೆಯಷ್ಟು ಕಪ್ಪಾಯಿತು. ಬಾಟಲಿಯ ನೀರು ತಿಳಿಹಳದಿಯಾಗಿ ಹಾಗೇ ನಿಂತಿತು. ಇನ್ನೊಂದು ತೊಟ್ಟು ಹಾಕಿದರು. ಏನೂ ಆಗಲಿಲ್ಲ. ಒಬ್ಬ ಅಧ್ಯಾಪಕರು ಒಂದು ಹನಿಯನ್ನು ಗಾಜಿನ ಮೇಲೆ ಕಾಯಿಸಿ ಆರಿಸಿದರು. ಬೆಳ್ಳಗಿನ ಉಪ್ಪು ಉಳಿಯಿತು.

"ಉಪ್ಪುನೀರೇ" ಎಂದರು ಪ್ರೊಫೆಸರ್ ಸುದಿಬ್ಯೊ. ಅವರ ದನಿ ಮಾಮೂಲಿ ಮಟ್ಟಕ್ಕೆ ಏರಿತ್ತು. ಮರ್ಸುದಿಯ ಭುಜದ ಮೇಲೆ ಕೈ ಇಟ್ಟರು. ಅರ್ಜಿಯಲ್ಲಿ ನಿಮ್ಮ ಹೆಸರು ಇರುತ್ತದೆ ಎಂದರು. ಮರ್ಸುದಿಗೆ ಆ ಖುಷಿಯಲ್ಲಿ ಓಣಿಯವರು ಯಾವಾಗ ಹೊರಟುಹೋದರೆಂದು ತಿಳಿಯಲಿಲ್ಲ. ಹೋಗುವಾಗ ಅವರಲ್ಲಿ ಯಾರೂ ಅವನ ಕಡೆ ನೋಡಿರಲಿಲ್ಲ.

ಸಂಜೆ ಮರ್ಸುದಿ ಓಣಿಗೆ ತಿರುಗಿದಾಗ ಟೆಂಪೆ ಕರಿಯುವವರು ಬೆನ್ನು ತಿರುಗಿಸಿದರು. ಪಾಕ್ ಹಾರ್ಜೊನೊ ಪಂಜರದ ಹಕ್ಕಿಯ ಜೊತೆ ಮಾತಾಡುವುದರಲ್ಲಿ ಮುಳುಗಿದ್ದರು. ಅವನ ಮನೆಯ ಜಗುಲಿಯ ಮೇಲೆ ಸೊಮೊ ಅಜ್ಜಿ ಕೂತಿದ್ದಳು.

"ಯಾಕಪ್ಪಾ ಹೀಗೆ ಮಾಡಿದೆ?"

"ಏನು ಮಾಡಿದೆ ಅಜ್ಜಿ?"

"ಎಲೆ ನಮ್ಮ ಮರದ್ದು. ಒಂದೂ ಬಿಡದ ಹಾಗೆ ಕಿತ್ಕೊಂಡು ಹೋದೆ. ಔಷಧ ಮಾಡಿ ಇಲಿಗೆ ಕುಡಿಸಿದೆ. ನನ್ನ ಮೊಮ್ಮಗನಿಗೆ ಉಪ್ಪುನೀರು ಕುಡಿಸಿದೆ. ಹತ್ತು ಜನ ಓದಿದವರ ಮುಂದೆ ಅದನ್ನ ತೋರಿಸಿಯೂ ಕೊಟ್ಟೆ."

"ಅಜ್ಜಿ, ಉಪ್ಪುನೀರಿನಿಂದಲೇ ಅಲ್ವಾ ಅವನು ಎದ್ದು ಕೂತಿದ್ದು?"

"ಔಷಧ ಅಂದ್ಕೊಂಡು ಕುಡಿದ, ಅದಕ್ಕೆ ಎದ್ದ. ಈಗ ಮತ್ತೆ ಮಲಗಿದಾನೆ, ಬಂದು ನೋಡು."

ಅವನು ಓಡಿದ. ವಾರ್ಸಿನಿ ಮಧ್ಯಾಹ್ನ ಮನೆಗೆ ಬಂದವಳೇ ಬಾಟಲಿಯಲ್ಲಿ ಉಳಿದದ್ದನ್ನು ಬಚ್ಚಲಿಗೆ ಚೆಲ್ಲಿದ್ದಳು. ಅಲ್ಲಿಂದ ಮಗುವಿನ ಬಾಯಿಗೆ ಹನಿ ನೀರು ಬಿದ್ದಿರಲಿಲ್ಲ. ಭೇದಿ ಮಾತ್ರ ನಿಂತಿರಲಿಲ್ಲ. ಗಿಲಾಂಗ್‌ನ ಕಣ್ಣು ಮತ್ತೆ ಗುಳಿಬಿದ್ದಿತ್ತು.

"ಪೊಟ್ಟಣ ಎಲ್ಲಿ, ವಾರ್ಸಿನಿ? ಬೇಗ ಕೊಡು, ಬೆರೆಸಿಕೊಡ್ತೀನಿ."

"ಬೇಡ." ಅವಳು ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು. ಕೂಗಾಡಲಿಲ್ಲ. ಅದೇ ಅವನಿಗೆ ಹೆಚ್ಚು ನೋವಾಗಿದ್ದು. "ನಿಮ್ಮನ್ನ ಅಣ್ಣ ಅಂತ ನಂಬಿದ್ದೆ. ನನ್ನ ಮಗು ಒಂದು ಇಲಿಗಿಂತ ಕಡೆ ಆಯ್ತಾ, ಮಾಸ್?"

ಇಲಿಗೆ ಮೊದಲು ಕೊಡುವುದು ಇಲಿಯ ಮೇಲಿನ ಪ್ರೀತಿಯಿಂದಲ್ಲ ಎಂದು ಮರ್ಸುದಿ ಹೇಳಬೇಕೆಂದಿದ್ದ. ಆ ಮುಖ ನೋಡಿ ಅದನ್ನು ಬಿಟ್ಟು ಕೈ ಚಾಚಿದ.

"ದೊಡ್ಡಾಸ್ಪತ್ರೆಗೆ ಹೋಗೋಣ. ನಾನೇ ಕರ್ಕೊಂಡು ಹೋಗ್ತೀನಿ, ಏಳು."

"ಅಲ್ಲೂ ಉಪ್ಪುನೀರೇ ತಾನೇ, ಸೂಜಿ ಚುಚ್ಚಿ ಹಾಕೋದು? ಇವನಪ್ಪ ಲಾರಿ ತಗೊಂಡು ಸುರಬಾಯಕ್ಕೆ ಹೋಗಿದಾರೆ, ಬರಲಿ."

"ಅಷ್ಟು ಹೊತ್ತು ಕಾಯೋ ಹಾಗಿಲ್ಲ, ವಾರ್ಸಿನಿ."

"ಹಾಗಿದ್ರೆ ನಿಜವಾದ ಔಷಧ ಕೊಡಿ. ಕೊಟ್ರೆ ಕುಡಿಸ್ತೀನಿ. ಇಲ್ಲಾ ಅಂದ್ರೆ ಎದ್ದು ಹೋಗಿ."

ಮಗು ಬಾಯಿ ತೆರೆದು ಮುಚ್ಚಿತು. ಅಳುವುದಕ್ಕೂ ಶಕ್ತಿ ಇರಲಿಲ್ಲ. ಮರ್ಸುದಿ ಎದ್ದ. ಗೋಡೆಯ ಗೂಡಿನಲ್ಲಿದ್ದ ಪೊಟ್ಟಣವೊಂದನ್ನು ಯಾರಿಗೂ ಕಾಣದಂತೆ ಜೇಬಿಗೆ ಇಳಿಸಿ ತನ್ನ ಮನೆಗೆ ಹೋದ. ಕಾಯಿಸಿ ಆರಿಸಿದ ನೀರಿಗೆ ಪುಡಿ ಬೆರೆಸಿದ. ಬೆಳಗಿನ ಚಹಾದ ಗಸಿ ಪಾತ್ರೆಯಲ್ಲಿತ್ತು. ಅದಕ್ಕೆ ಒಂದಿಷ್ಟು ಬಿಸಿನೀರು ಹಾಕಿ ಸೋಸಿ, ಬಣ್ಣ ಬರುವಷ್ಟು ಸುರಿದ. ಹುಟ್ಟಿದಾಗಿನಿಂದ ಅವನು ಔಷಧದ ವಿಷಯದಲ್ಲಿ ಯಾರಿಗೂ ಸುಳ್ಳು ಹೇಳಿದವನಲ್ಲ.

ಬಟ್ಟಲು ಹಿಡಿದು ಓಣಿ ದಾಟಿ, ವಾರ್ಸಿನಿಯ ಜಗುಲಿಯಲ್ಲಿ ಸೇರಿದ್ದ ಎಲ್ಲರಿಗೂ ಕೇಳುವಂತೆ, ಮೆಟ್ಟಿಲ ಮೇಲೇ ನಿಂತು ಹೇಳಿದ: "ತಗೊಳ್ಳಿ. ಇದು ಇಲಿಗಳಿಗೆ ಕೊಡೋದೇ. ಸೀಬೆ ಎಲೆಯ ಸಾರ. ಚಮಚದಲ್ಲಿ ಸ್ವಲ್ಪ ಸ್ವಲ್ಪ, ನಿಲ್ಲಿಸದೆ ಕೊಡಬೇಕು. ಪೂರ್ತಿ ಮುಗೀಬೇಕು."

ಅಜ್ಜಿಯ ಮುಖ ಅರಳಿತು. ಪಾಕ್ ಹಾರ್ಜೊನೊ ಪಂಜರ ಬಿಟ್ಟು ಬಂದರು. ವಾರ್ಸಿನಿ ಬಟ್ಟಲನ್ನು ದೀಪದ ಹತ್ತಿರ ಹಿಡಿದು ಕಂದು ಬಣ್ಣ ನೋಡಿ, ಮೂಸಿ, ಸಮಾಧಾನದಿಂದ ಚಮಚ ಅದ್ದಿದಳು.

"ಪಾಕ್ ಮರ್ಸುದಿ."

ಕರೆದದ್ದು ಬಹಳ ಮೆಲ್ಲನೆಯ ದನಿ. ಅಷ್ಟು ಮೆಲ್ಲನೆಯ ದನಿ ಊರಿನಲ್ಲಿ ಒಬ್ಬರದ್ದೇ.

ಪ್ರೊಫೆಸರ್ ಸುದಿಬ್ಯೊ ಅಂಗಳದ ಗೇಟಿನ ಹತ್ತಿರ ನಿಂತಿದ್ದರು. ಬೆಳಿಗ್ಗೆ ಎಲ್ಲರ ಮುಂದೆ ಬೈದದ್ದು ಮನಸ್ಸಿಗೆ ಚುಚ್ಚಿ, ಎಲ್ಲರ ಮುಂದೆಯೇ ಕ್ಷಮೆ ಕೇಳೋಣ ಎಂದು ದಾರಿ ಕೇಳಿಕೊಂಡು ಬಂದಿದ್ದರು. ಕೈಯಲ್ಲಿದ್ದ ಸಲಾಕ್ ಹಣ್ಣಿನ ಚೀಲವನ್ನು ಆಗಲೇ ಗೇಟಿಗೆ ನೇತುಹಾಕಿದ್ದರು.

"ಆ ಬಟ್ಟಲಲ್ಲಿ ಇರೋದು ಏನು?" ಎಂದು ಕೇಳಿದರು.

ವಾರ್ಸಿನಿಯ ಚಮಚ ಮಗುವಿನ ತುಟಿಯ ಮುಂದೆ ನಿಂತಿತು. ಅವಳು ಮರ್ಸುದಿಯನ್ನು ನೋಡಿದಳು. ಅಜ್ಜಿ ನೋಡಿದಳು. ಓಣಿಯೇ ನೋಡಿತು. ಅವನು ಒಮ್ಮೆ ಪ್ರೊಫೆಸರ್ ಕಡೆ ತಿರುಗಿದ, ಒಮ್ಮೆ ಆ ಒಣಗಿದ ತುಟಿಗಳ ಕಡೆ. ಈ ಸಲ ಹೊಗೆ ಇರಲಿಲ್ಲ, ಕಣ್ಣು ಮಿಟುಕಿಸುವುದಕ್ಕೂ ಧೈರ್ಯ ಬರಲಿಲ್ಲ.

"ಎಲೆಯ ಸಾರ, ಪ್ರೊಫ್" ಎಂದ.

ಚಮಚ ಮಗುವಿನ ಬಾಯೊಳಗೆ ಹೋಯಿತು. ಗಿಲಾಂಗ್ ನುಂಗಿದ. ಇನ್ನೊಂದು ಚಮಚಕ್ಕೆ ತಾನೇ ಬಾಯಿ ತೆರೆದ.

ಪ್ರೊಫೆಸರ್ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ಅವರ ತುಟಿ ಅಲ್ಲಾಡಿತು. ಏನೋ ಹೇಳಿದರು, ಆದರೆ ಅದು ಅವರ ಪಕ್ಕದಲ್ಲೇ ನಿಂತಿದ್ದ ಪಾಕ್ ಹಾರ್ಜೊನೊರಿಗೂ ಕೇಳಿಸಲಿಲ್ಲ. ಆಮೇಲೆ ಗೇಟಿನಿಂದ ಸಲಾಕ್ ಹಣ್ಣಿನ ಚೀಲವನ್ನು ನಿಧಾನವಾಗಿ ಬಿಡಿಸಿಕೊಂಡು, ಅದನ್ನು ಹೊಟ್ಟೆಗೆ ಅವುಚಿಕೊಂಡು, ಬಂದ ದಾರಿಯಲ್ಲೇ ಬೇಗ ಬೇಗ ನಡೆದರು.

ಸೊಮೊ ಅಜ್ಜಿ ಅವರು ಓಣಿಯ ತಿರುವು ದಾಟುವವರೆಗೂ ನೋಡಿದಳು.

"ಪಾಪ, ಮುಖ ನೋಡಿದ್ರೆ ಅವರಿಗೂ ಹೊಟ್ಟೆ ಕೆಟ್ಟ ಹಾಗಿದೆ" ಎಂದಳು. "ಕೇಳೋಕೆ ಸಂಕೋಚ ಪಟ್ರು. ನೀನಾದ್ರೂ ಒಂದು ಬಟ್ಟಲು ಕೊಡಬಾರದಿತ್ತಾ, ಮಗಾ?"